ಹೊಳೆಯಾಚೆಯ ವೇದಿ

ಬೈಬಲ್ಲಿನ ಕಥೆ ಇದು: ಇಸ್ರಾಯೇಲ್ಯರ 12 ಕುಲಗಳಲ್ಲಿ ಎರಡೂವರೆ ಕುಲ ಯೊರ್ದನ್ ಹೊಳೆಯ ಪೂರ್ವ ದಡದಲ್ಲೇ ನೆಲೆಯೂರಿದವು. ರೂಬೇನ್ಯರಿಗೂ ಗಾದ್ಯರಿಗೂ ದನಕುರಿ ಹೆಚ್ಚು, ಗಿಲ್ಯಾದಿನಲ್ಲಿ ಹುಲ್ಲು ಸೊಂಪು. ಮನಸ್ಸೆಯ ಅರ್ಧ ಕುಲ ಆಮೇಲೆ ಸೇರಿಕೊಂಡಿತು. ಅಣ್ಣತಮ್ಮಂದಿರು ಹೊಳೆ ದಾಟಿ ಯುದ್ಧಕ್ಕೆ ಹೊರಟಾಗ ಇವರು ಹಾಯಾಗಿ ಕೂತಿರುವುದೇ ಎಂದು ನಾಯಕ ಮೋಶೆ ಸಿಟ್ಟಾದ. ಇಲ್ಲ, ಕುರಿಗೆ ಹಟ್ಟಿ, ಮಕ್ಕಳಿಗೆ ಊರು ಕಟ್ಟಿಟ್ಟು ಎಲ್ಲರಿಗಿಂತ ಮುಂದೆ ನಾವೇ ಹೊರಡುತ್ತೇವೆ ಎಂದರು. ಮೋಶೆ ಒಪ್ಪಿದ, ಆದರೆ ಮಾತಿನ ಸಾಲು ತಿರುಗಿಸಿದ: ಮೊದಲು ಮಕ್ಕಳಿಗೆ ಊರು, ಆಮೇಲೆ ಕುರಿಗೆ ಹಟ್ಟಿ. 11ನೇ ಶತಮಾನದ ಯೆಹೂದಿ ಭಾಷ್ಯಕಾರ ರಾಶಿಯ ಕಣ್ಣಿಗೆ ಈ ಅದಲುಬದಲು ಬಿತ್ತು. ಅವರಿಗೆ ಮಕ್ಕಳಿಗಿಂತ ಸೊತ್ತೇ ಮುಂದಾಗಿತ್ತು ಎಂದು ಬರೆದ. ವೀಸಾ, ಮನೆಸಾಲ ಎಲ್ಲ ಮುಗಿಯಲಿ, ಮಕ್ಕಳ ಕನ್ನಡ ಆಮೇಲೆ ನೋಡೋಣ ಎಂದುಕೊಂಡ ನನ್ನಂಥ ವಲಸಿಗನಿಗೆ ಚುರುಕ್ಕೆನ್ನುವ ಮಾತು.

ಕೊಟ್ಟ ಮಾತಿಗೆ ಮಾತ್ರ ಅವರು ತಪ್ಪಲಿಲ್ಲ. ಸುಮಾರು 40,000 ಮಂದಿ ಆಯುಧ ಹಿಡಿದು ಹೊಳೆ ದಾಟಿದರು, ಯುದ್ಧ ಮುಗಿಯುವ ತನಕ ಮನೆಯ ಕಡೆ ತಿರುಗಲಿಲ್ಲ. ಶೀಲೋವಿನಲ್ಲಿ, ಮೋಶೆಯ ನಂತರ ನಾಯಕನಾದ ಯೆಹೋಶುವ ಅವರನ್ನು ಹರಸಿ, ಬೆಳ್ಳಿಬಂಗಾರ, ಬಟ್ಟೆಬರೆಯೊಂದಿಗೆ ಬೀಳ್ಕೊಟ್ಟ.

ಹೋಗುವ ದಾರಿಯಲ್ಲಿ, ಯೊರ್ದನಿನ ಬಳಿ, ಅವರು ದೊಡ್ಡದೊಂದು ಯಜ್ಞವೇದಿ ಕಟ್ಟಿದರು. ಸುದ್ದಿ ತಲುಪಿದ್ದೇ ತಡ, ಉಳಿದ ಕುಲಗಳು ದಂಡು ಕೂಡಿಸಿದವು. ದೇವರ ಗುಡಾರವಿದ್ದದ್ದು ಶೀಲೋವಿನಲ್ಲಿ; ಇನ್ನೊಂದು ಕಡೆ ಬಲಿ ಕೊಡುವುದೆಂದರೆ ದೇವದ್ರೋಹ. ಪುಣ್ಯಕ್ಕೆ ಕತ್ತಿಗಿಂತ ಮೊದಲು ಯಾಜಕ ಫೀನೆಹಾಸನೂ ಹತ್ತು ಮಂದಿ ಮುಖಂಡರೂ ಹೋದರು. ಬೈದದ್ದು ಹೌದು. ಆದರೆ ಆ ಬೈಗುಳದ ನಡುವೆ ಒಂದು ಮಾತಿದೆ: ನಿಮ್ಮ ನೆಲ ಅಶುದ್ಧ ಅನಿಸಿದರೆ ಈಚೆ ಬನ್ನಿ, ನಮ್ಮ ಪಾಲಿನಲ್ಲೇ ನಿಮಗೂ ಜಾಗ ಕೊಡುತ್ತೇವೆ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಇದೇ. ತಪ್ಪು ಮಾಡಿದ್ದಾನೆಂದು ನಂಬಿದ ತಮ್ಮನಿಗೆ ಹೊಲ ಬಿಟ್ಟುಕೊಡುವ ಅಣ್ಣಂದಿರು ಎಷ್ಟು ಮಂದಿ ಸಿಕ್ಕಾರು?

ಹೊಳೆಯಾಚೆಯವರ ಉತ್ತರ ಬೇರೆಯೇ ಇತ್ತು. ಈ ವೇದಿಯ ಮೇಲೆ ಬಲಿ ಕೊಡುವುದಿಲ್ಲ, ಇದು ಬರೀ ಸಾಕ್ಷಿ. ನಾಳೆ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ, ನಡುವೆ ಹೊಳೆಯಿದೆ, ನಮ್ಮ ದೇವರಲ್ಲಿ ನಿಮಗೆ ಪಾಲಿಲ್ಲ ಎಂದುಬಿಟ್ಟರೆ? ಆ ಭಯಕ್ಕೆ ಕಟ್ಟಿದೆವು. ಫೀನೆಹಾಸ ಸಮಾಧಾನದಿಂದ ಹಿಂದಿರುಗಿದ, ದಂಡು ಚದುರಿತು.

ರಾಜ್ಯೋತ್ಸವಕ್ಕೆ ಬಾಡಿಗೆ ಸಭಾಂಗಣದಲ್ಲಿ ರಟ್ಟಿನ ಭುವನೇಶ್ವರಿಯನ್ನು ನಿಲ್ಲಿಸುವಾಗ ಈ ವೇದಿ ನೆನಪಾಗುತ್ತದೆ. ಮಕ್ಕಳು ಹಾಡು ಕಲಿತಿರುತ್ತಾರೆ. ‘ಮಳೆ’ ಅವರ ಬಾಯಲ್ಲಿ ‘ಮಲೆ’ ಆಗಿರುತ್ತದೆ. ಪಕ್ಕದಲ್ಲಿ ಕೂತ ಯಾರಾದರೂ ನಗುತ್ತಾರೆ.

ಉಚ್ಚಾರಕ್ಕೆ ನಕ್ಕದ್ದಷ್ಟೇ ಅಲ್ಲ, ಕೊಂದದ್ದೂ ಉಂಟು. ಅದೇ ಯೊರ್ದನಿನ ಹಾಯ್ಗಡಗಳಲ್ಲಿ, ಯೆಹೋಶುವನ ನಂತರ ಬಂದ ನ್ಯಾಯಸ್ಥಾಪಕರೆಂಬ ನಾಯಕರ ಕಾಲಕ್ಕೆ, ಹೊಳೆಯಾಚೆಯ ಗಿಲ್ಯಾದಿನವರು ಕಾವಲು ನಿಂತರು. ತಮ್ಮೊಡನೆ ಕಾದಾಡಿ ಸೋತು ಊರಿಗೆ ಓಡುತ್ತಿದ್ದ, ಪಶ್ಚಿಮ ದಡದ ಕುಲದವರಾದ ಎಫ್ರಾಯೀಮ್ಯರನ್ನು ತಡೆದು ‘ಶಿಬ್ಬೋಲೆತ್’ ಅನ್ನು ಎಂದರು. ತೆನೆ ಎಂದರ್ಥ. ‘ಶ’ ನಾಲಗೆಗೆ ಬಾರದೆ ‘ಸಿಬ್ಬೋಲೆತ್’ ಎಂದವರನ್ನು ಅಲ್ಲೇ ಕಡಿದರು. ಆ ಸಲ ಸತ್ತ ಎಫ್ರಾಯೀಮ್ಯರ ಲೆಕ್ಕ 42,000 ಎನ್ನುತ್ತದೆ ಬೈಬಲ್. ವೇದಿ ಅಷ್ಟರಲ್ಲಿ ಏನಾಗಿತ್ತೋ, ಅದರ ಮಾತು ಮತ್ತೆ ಬರುವುದಿಲ್ಲ.