ತನಗೆ ತಾನೇ ಎದುರುಸಾಕ್ಷಿ

ದುಡಿಯುವವನು ದೊಡ್ಡವನೋ ಅಳೆಯುವವನು ದೊಡ್ಡವನೋ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ದುಡಿಯುವವನ ಕಡೆಗೇ ಕೈ ತೋರಿಸುತ್ತಾರೆ. ಅದು ನ್ಯಾಯವೂ ಹೌದು. ಒಬ್ಬನು ಉಳುತ್ತಾನೆ, ಇನ್ನೊಬ್ಬನು ಬದುವಿನ ಮೇಲೆ ನಿಂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಹೊಟ್ಟೆ ತುಂಬುವುದು ಮೊದಲನೆಯವನಿಂದ. ‘ಅಳೆದೂ ಸುರಿದೂ’ ಎಂಬ ಮಾತನ್ನು ನಾವು ಹೊಗಳಿಕೆಯಾಗಿ ಎಂದೂ ಬಳಸುವುದಿಲ್ಲ. ಹೀಗಿರುವಾಗ, ಅಳೆಯುವುದನ್ನೇ ಕಸುಬಾಗಿ ಹಿಡಿದವನಿಂದ ಲೋಕಕ್ಕೆ ಆಗುವ ಉಪಕಾರವೇನು?

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರ ಪ್ರಕಟಣೆಯನ್ನು ಓದಿದಾಗ. ಪೀಟ್ ನೆಲವನ್ನು ಮೊದಲಿನ ಸ್ಥಿತಿಗೆ ತರುವ ಕೆಲಸದಲ್ಲಿ ನೀರು, ಗಾಳಿ, ಮಣ್ಣುಗಳನ್ನು ಅಳೆಯಲು ಒಬ್ಬ ಸಂಶೋಧಕ ಬೇಕು. ಅವಧಿ ಮೂರು ವರ್ಷ. ಸುದ್ದಿ ಕೇಳಿದ ಗೆಳೆಯರೊಬ್ಬರು, “ಕೆಸರು ಅಳೆಯುವುದಕ್ಕೂ ಸಂಬಳವೇ?” ಎಂದು ನಕ್ಕರು.

ಪೀಟ್ ಎಂದರೆ ನೀರು ನಿಂತ ಜೌಗಿನಲ್ಲಿ ಪೂರ್ತಿ ಕೊಳೆಯಲಾರದೆ ಉಳಿದ ಗಿಡಗಳ ರಾಶಿ. ನೀರು ಇರುವ ತನಕ ಗಾಳಿ ಒಳಕ್ಕೆ ಇಳಿಯದು. ಗಾಳಿ ಇಳಿಯದೆ ಗಿಡ ಕೊಳೆಯದು. ಹಾವಸೆಯ ಮೇಲೆ ಹಾವಸೆ, ಜೊಂಡಿನ ಮೇಲೆ ಜೊಂಡು ಕೂಡಿ, ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ನೆಲ ಬೆಳೆಯುತ್ತದೆ. ಇಂಥ ನೆಲ ಭೂಭಾಗದಲ್ಲಿ ಶೇಕಡಾ 3ರಷ್ಟು ಮಾತ್ರ. ಆದರೂ ಲೋಕದ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಇದರ ಹೊಟ್ಟೆಯಲ್ಲಿದೆ. ಕಾಲುವೆ ತೋಡಿ ನೀರು ಬಸಿದರೆ ಗಾಳಿ ಒಳನುಗ್ಗಿ, ಸಾವಿರಾರು ವರ್ಷ ಕೂಡಿಟ್ಟದ್ದು ಇಂಗಾಲಾಮ್ಲವಾಗಿ ಆಕಾಶ ಸೇರುತ್ತದೆ. ಕಾಲುವೆಗಳಿಗೆ ಒಡ್ಡು ಕಟ್ಟಿ ನೀರನ್ನು ಮತ್ತೆ ನಿಲ್ಲಿಸುವುದೇ ಚಿಕಿತ್ಸೆ. ಆದರೆ ಮೂರು ವರ್ಷದ ಹುದ್ದೆಯವನು, ಎಲ್ಲವೂ ಸುಸೂತ್ರವಾಗಿ ನಡೆದರೆ, ಕಾಣಬಹುದಾದ ಬೆಳವಣಿಗೆ ಮೂರು ಮಿಲಿಮೀಟರು! ಒಂದು ಮೀಟರು ಮರಳಬೇಕಾದರೆ ಸಾವಿರ ವರ್ಷ ಬೇಕು.

ಇದಕ್ಕೆ ಸಮಾಧಾನ ಹುಡುಕುವಾಗ ನನಗೆ ನೆನಪಾಗುವುದು ಇಂಗ್ಲೆಂಡಿನ ಕೇಂಬ್ರಿಜ್‌ಷೈರ್ ಸೀಮೆಯಲ್ಲಿರುವ ಒಂದು ಕಬ್ಬಿಣದ ಕಂಬ. ಅಲ್ಲಿ ವಿಟಲ್‌ಸೀ ಮಿಯರ್ ಎಂಬ ದೊಡ್ಡ ಸರೋವರವಿತ್ತು. 1851ರ ಹೊತ್ತಿಗೆ ಹೊಸ ಯಂತ್ರಗಳನ್ನು ಹೂಡಿ ಅದನ್ನು ಬರಿದು ಮಾಡಿ ಹೊಲವಾಗಿಸಿದರು. ಅಲ್ಲಿಯ ಜಮೀನುದಾರ ವಿಲಿಯಂ ವೆಲ್ಸ್ ಒಂದು ಕೆಲಸ ಮಾಡಿದ. ನೀರು ಬಸಿದರೆ ನೆಲ ಕುಸಿಯುವುದೆಂದು ಬಲ್ಲ ಆತ, ಹೋಮ್ ಫೆನ್ ಎಂಬಲ್ಲಿ ಪೀಟಿನ ತಳದ ಜೇಡಿಯವರೆಗೆ ಕಂಬವಿಳಿಸಿ, ಅದರ ತಲೆ ನೆಲದ ಮಟ್ಟಕ್ಕೆ ಸರಿಯಾಗಿರುವಂತೆ ನಿಲ್ಲಿಸಿದ. ಮೊದಲು ಓಕ್ ಮರದ್ದು, ಅನಂತರ ಕಬ್ಬಿಣದ್ದು. ಅಂದು ನೆಲದಲ್ಲಿ ಹೂತಿದ್ದ ಆ ಕಂಬ ಇಂದು ಸುಮಾರು 4 ಮೀಟರ್ ಮೇಲೆ ಎದ್ದು ನಿಂತಿದೆ. ಕಂಬ ಏಳಲಿಲ್ಲ; ನೆಲ ಇಳಿಯಿತು. ಒಂದು ಪಾಲು ನೀರಿಲ್ಲದೆ ಅಮುಕಿಕೊಂಡಿತು, ಇನ್ನೊಂದು ಪಾಲು ಗಾಳಿಯ ಪಾಲಾಯಿತು.

ನೀರು ಬಸಿದ ಪಕ್ಷದವನೇ ತನಗೆದುರಾಗಿ ಸಾಕ್ಷಿಯನ್ನು ನೆಟ್ಟನಲ್ಲ! ಲಾಭದ ಲೆಕ್ಕ ಇಡುವವರು ಸಾವಿರ ಮಂದಿ. ತನ್ನ ಕೈಯಿಂದಾಗುವ ನಷ್ಟಕ್ಕೆ, ಮುಂದಿನವರು ಓದಲಿ ಎಂದು, ಅಳಿಸಲಾಗದ ಲೆಕ್ಕ ಬರೆದಿಡುವವರು ಎಷ್ಟು ಮಂದಿ? ಅಳತೆಗೆ ಧರ್ಮದ ತೂಕ ಬರುವುದು ಇಲ್ಲಿ ಎಂದು ನನಗೆ ತೋರುತ್ತದೆ.

ಇಂದಿನ ಸಂಶೋಧಕನಿಗೂ ಇದೇ ಪರೀಕ್ಷೆ. ಅವನ ಮನಸ್ಸು ಜೌಗಿನ ಪಕ್ಷದಲ್ಲಿದೆ. ಆದರೆ ಒಣಗಿದ ನೆಲಕ್ಕೆ ಮತ್ತೆ ನೀರು ನಿಲ್ಲಿಸಿದಾಗ ಮೊದಮೊದಲು ಮೀಥೇನ್ ಅನಿಲ ಹೆಚ್ಚಾಗಿ ಹೊರಡುವುದುಂಟು. ಅದೂ ಭೂಮಿಯನ್ನು ಕಾಯಿಸುವ ಅನಿಲವೇ. ನೆಲದ ಮೇಲೆ ಡಬ್ಬಿ ಕವುಚಿ ಅನಿಲ ಹಿಡಿಯುವವನು ತನ್ನ ಪಕ್ಷಕ್ಕೆ ಒಗ್ಗದ ಆ ಅಂಕಿಯನ್ನೂ ಬರೆಯಲೇಬೇಕು. ಬರೆಯದಿದ್ದರೆ ಅವನು ಅಳೆಯುವವನಲ್ಲ, ವಕೀಲ.

“ಸರಿ, ಕಂಬ ನೆಟ್ಟು ನೆಲ ಉಳಿಯಿತೇ?” ಎಂದು ಓದುಗರು ಕೇಳಬಹುದು. ಉಳಿಯಲಿಲ್ಲ. ಮೊದಲ ಹತ್ತು ವರ್ಷಗಳಲ್ಲೇ ಕಂಬ ನಾಲ್ಕು ಅಡಿಗೂ ಮೇಲೆ ಹೊರಬಂದಿತ್ತು, ನೀರೆತ್ತುವುದು ನಿಲ್ಲಲಿಲ್ಲ. ಬಲ್ಲೆವೆಂಬುದಕ್ಕೂ ಮಾಡುವೆವೆಂಬುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನೂ ಆ ಕಂಬವೇ ಸಾರುತ್ತದೆ. ಹಾಗೆಂದು ಅದು ವ್ಯರ್ಥವಾಗಲಿಲ್ಲ. ‘ನಮಗೆ ಗೊತ್ತಿರಲಿಲ್ಲ’ ಎಂಬ ನೆಪವನ್ನು ಅದು ಕಿತ್ತುಕೊಂಡಿತು. 2001ರಲ್ಲಿ ಅದೇ ಸೀಮೆಯಲ್ಲಿ ಸುಮಾರು 3,700 ಹೆಕ್ಟೇರು ನೆಲವನ್ನು ಮತ್ತೆ ಜೌಗಾಗಿಸುವ ‘ಗ್ರೇಟ್ ಫೆನ್’ ಯೋಜನೆ ಮೊದಲಾಯಿತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆನ್ನಬಹುದು. ಆದರೆ ಇಲ್ಲಿ ಊರು ಇನ್ನೂ ಪೂರ್ತಿ ಕೊಳ್ಳೆಹೋಗಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಆ ಕಪ್ಪು ಮಣ್ಣು ಒಳ್ಳೆಯ ತರಕಾರಿ, ಧಾನ್ಯ ಬೆಳೆಯುವ ಮಣ್ಣು. ಅದನ್ನು ನಂಬಿ ಬಾಳುವ ಸಂಸಾರಗಳಿವೆ. ಸಂಶೋಧಕನ ಒಂದು ಅಂಕಿಯ ಮೇಲೆ ಯಾರದೋ ಹೊಲಕ್ಕೆ ನೀರು ನಿಲ್ಲಬಹುದು. ಆದ್ದರಿಂದ ಅವನ ಅಳತೆ ರೈತನಿಗೂ ಅರ್ಥವಾಗುವಂತಿರಬೇಕು, ರೈತನೂ ಬಂದು ಪರೀಕ್ಷಿಸುವಂತಿರಬೇಕು. ಕಂಬದ ಗುಣ ಅದೇ: ಅದರ ಪಕ್ಕದಲ್ಲಿ ನಿಂತು ತನ್ನ ಎತ್ತರವನ್ನು ಹೋಲಿಸಿ ನೋಡಲು ಯಾರ ಅಪ್ಪಣೆಯೂ ಬೇಡ.

ಮೂರು ವರ್ಷ ಕಳೆದು ಅವನು ಹೊರಟುಹೋಗುತ್ತಾನೆ. ಮೂರು ಮಿಲಿಮೀಟರು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಪ್ರಾಮಾಣಿಕವಾಗಿ ಬರೆದ ಅಂಕಿಗಳನ್ನು ಮುಂದಿನವನು ಅಲ್ಲಿಂದಲೇ ಮುಂದುವರಿಸಬಲ್ಲ. ಸಾವಿರ ವರ್ಷದ ಕೆಲಸವನ್ನು ಮೂರು ಮೂರು ವರ್ಷದ ಮನುಷ್ಯರು ಮಾಡಲು ಬೇರೆ ದಾರಿ ನನಗಂತೂ ಕಾಣುವುದಿಲ್ಲ.