ಮರೆಯ ಕೆಲಸದ ಧರ್ಮ

ಕಣ್ಣಿಗೆ ಬೀಳುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವರು ಲೋಕದಲ್ಲಿ ಅನೇಕರುಂಟು. ಮಾಡಿದೊಡನೆ ಮುಚ್ಚಿಹೋಗುವ ಕೆಲಸದಲ್ಲಿಯೇ ಮನುಷ್ಯನ ಧರ್ಮಬುದ್ಧಿಯು ಪರೀಕ್ಷೆಗೆ ಒಳಗಾಗುವುದು. ಹಳೆಯ ಮೋಟಾರು ಗಾಡಿಯ ಬ್ರೇಕನ್ನು ದುರಸ್ತು ಮಾಡುವುದು ಇಂತಹ ಕೆಲಸಗಳಲ್ಲೊಂದು.

ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಹಿಂದಿನ ಮಾದರಿಗಳಲ್ಲಿ ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕುಗಳೇ ಇದ್ದುವು. ಗಾಲಿಯೊಡನೆ ತಿರುಗುವ ಕಬ್ಬಿಣದ ಡ್ರಮ್ಮಿನೊಳಗೆ ಬಾಗಿದ ಎರಡು ಷೂಗಳಿರುತ್ತವೆ. ಚಾಲಕನು ಪೆಡಲನ್ನು ತುಳಿದಾಗ ದ್ರವದ ಒತ್ತಡದಿಂದ ಅವು ಹೊರಕ್ಕೆ ಸರಿಯುತ್ತವೆ. ಅವುಗಳ ಮೇಲಣ ಲೈನಿಂಗು ಡ್ರಮ್ಮಿನ ಒಳಮೈಯನ್ನು ಉಜ್ಜಿ ಗಾಲಿಯನ್ನು ತಡೆಯುತ್ತದೆ. ಗಾಲಿಯ ನಡುವಣ ಹಬ್ಬಿನ ಬೇರಿಂಗಿಗೆ ಗ್ರೀಸು ಜೀವ. ಲೈನಿಂಗಿಗೆ ಅದೇ ಗ್ರೀಸು ವಿಷ. ಎರಡನ್ನೂ ಬೇರ್ಪಡಿಸುವ ಸೀಲು ಸವೆದರೆ ಗ್ರೀಸು ಒಸರಿ ಬ್ರೇಕು ಜಾರುವುದು. ಒಂದೇ ಪಕ್ಕದ ಲೈನಿಂಗನ್ನು ಬದಲಿಸಿದರೆ ಎಡಬಲಗಳ ಹಿಡಿತವು ಸಮವಾಗದೆ ಗಾಡಿಯು ಒಂದು ಕಡೆಗೆ ಎಳೆಯುವುದು. ಮುಂಗಾಲಿಯ ಅಚ್ಚಿನ ತುದಿಯ ನಟ್ಟು ಕಳಚದಂತೆ ಕಾಯುವುದು ಒಂದು ಕವಲು ಪಿನ್ನು. ಎತ್ತಿನ ಗಾಡಿಗೆ ಕಡಾಣಿ ಹೇಗೋ ಇಲ್ಲಿ ಅದು ಹಾಗೆ. ಒಮ್ಮೆ ಬಾಗಿಸಿ ತೆಗೆದ ಪಿನ್ನನ್ನು ಮತ್ತೆ ಹಾಕಲಾಗದು. ಇವೆಲ್ಲವೂ ಡ್ರಮ್ಮು ಮುಚ್ಚಳಗಳ ಮರೆಯಲ್ಲಿ ನಿಲ್ಲತಕ್ಕವು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಗಾಡಿಯ ಒಡೆಯನೇ ಖರ್ಚಿಗೆ ಅಂಜಿ, ಸದ್ಯಕ್ಕೆ ಓಡುವಂತಾದರೆ ಸಾಕೆಂದ ಮೇಲೆ ಕೆಲಸಗಾರನಿಗೆ ದೋಷವೆಲ್ಲಿಯದು? ಹಣ ಕೊಡುವವನ ಇಚ್ಛೆಯಂತೆ ನಡೆಯುವುದು ಅವನ ಧರ್ಮವಲ್ಲವೆ?

ಬಣ್ಣ, ಆಸನಗಳ ವಿಷಯದಲ್ಲಿ ಈ ಮಾತು ಒಪ್ಪತಕ್ಕದ್ದೇ. ಅಲ್ಲಿ ಕೊರತೆಯನ್ನು ಅನುಭವಿಸುವವನು ಒಡೆಯನು. ಬ್ರೇಕಿನ ಮಾತು ಬೇರೆ. ಅದು ತಪ್ಪಿದ ದಿನ ಬೀದಿಯನ್ನು ದಾಟುತ್ತಿರುವ ಮುದುಕಿಯಾಗಲಿ ಶಾಲೆಯ ಹುಡುಗನಾಗಲಿ ಆ ಒಪ್ಪಂದಕ್ಕೆ ಸಮ್ಮತಿ ಕೊಟ್ಟವರಲ್ಲ. ಒಡೆಯನು ತನ್ನ ಪ್ರಾಣವನ್ನು ಪಣವಾಗಿ ಒಡ್ಡಿದರೂ ಒಡ್ಡಬಹುದು. ಪರರ ಪ್ರಾಣವನ್ನು ಒಡ್ಡಲು ಅವನಿಗೆ ಅಧಿಕಾರವಿಲ್ಲ. ತನಗಿಲ್ಲದ ಅಧಿಕಾರವನ್ನು ಅವನು ಕೆಲಸಗಾರನಿಗೆ ಕೊಡುವುದೆಂತು? ಆದುದರಿಂದ ಅರೆಗೆಲಸವನ್ನು ಒಲ್ಲೆನೆಂದು ಗಾಡಿಯನ್ನು ಹಿಂದಕ್ಕೆ ಕಳುಹಿಸುವುದೇ ಉಚಿತವು. ಇದರಿಂದ ಬಡ ಕೆಲಸಗಾರನಿಗೆ ಅಂದಿನ ಕೂಲಿ ತಪ್ಪೀತು. ನೆರೆಯ ಅಂಗಡಿಯವನು ಆ ಕೆಲಸವನ್ನು ಒಪ್ಪಿಕೊಂಡಾನು. ಈ ನಷ್ಟವು ಸಣ್ಣದಲ್ಲ. ಆದರೂ ಇನ್ನೊಬ್ಬನು ಮಾಡುವನೆಂಬುದರಿಂದ ಅಕಾರ್ಯವು ಕಾರ್ಯವಾಗಲಾರದು.

ಒಡೆಯನಿಗೂ ಕರ್ತವ್ಯವುಂಟು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಸೇರಿರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಡ್ರಮ್ಮನ್ನು ಬಿಚ್ಚಿದಾಗ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಲು ಹೊತ್ತು ಹಿಡಿಯುವುದು. ಆ ಹೊತ್ತಿಗೆ ಕೂಲಿ ಕೊಡಲೊಲ್ಲದವನು ಕೆಲಸಗಾರನ ಉಸಿರನ್ನೇ ಕಡಿತಮಾಡಿ ಹಣವನ್ನು ಉಳಿಸಿದಂತಾಯಿತು. ಪುಕ್ಕಟೆಯ ಆಸೆ ಒಡೆಯನಲ್ಲಿ ಮೊದಲಾದರೆ ಕಳ್ಳಗೆಲಸವು ಅಂಗಡಿಯಲ್ಲಿ ಮೊದಲಾಗುವುದು.

ಬೀದಿಯಲ್ಲಿ ನಡೆಯುವ ಅಪರಿಚಿತನು ಡ್ರಮ್ಮಿನ ಒಳಗನ್ನು ನೋಡಲಾರನು. ಬರುತ್ತಿರುವ ಗಾಡಿಯು ನಿಲ್ಲುವುದೆಂದು ನಂಬಿ ಅವನು ಹೆಜ್ಜೆಯಿಡುತ್ತಾನೆ. ಆ ನಂಬಿಕೆಯನ್ನು ಕಾಯುವುದು ಒಡೆಯ, ಕೆಲಸಗಾರ ಇಬ್ಬರಿಗೂ ಸೇರಿದ ಹೊಣೆ.