ಸುಮ್ಮನೆ ನೋಡುವ ಹಕ್ಕು

ಹಸಿದವನ ಮುಂದೆ ಮಂಜಿನ ಮಾತಾಡಬಹುದೇ? ಕೂಲಿಯ ಬಗ್ಗೆ, ಭೂಮಿಯ ಬಗ್ಗೆ ಬರೆಯಬೇಕಾದ ಕೈ ಕೆರೆಯ ತಾವರೆಯ ಬಗ್ಗೆ ಬರೆದರೆ ಅದು ಹೋರಾಟಕ್ಕೆ ಬಗೆದ ದ್ರೋಹವೇ? ಗೆಳೆಯರು ನಮ್ಮನ್ನು ಹೀಗೆ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಯಲ್ಲಾಪುರದ ನಂದೊಳ್ಳಿ ಸೀಮೆಯಲ್ಲಿ ರಜೆಯ ದಿನ ತಿರುಗಾಡುವುದಕ್ಕೆ ಬೇಕಾದಷ್ಟಿದೆ. ಕವಡಿಕೆರೆಯಿದೆ. ಬೇಡ್ತಿ ಹೊಳೆ ಕಣಿವೆಗೆ ಧುಮುಕುವ ಮಾಗೋಡಿದೆ. ಹೊತ್ತು ಮುಳುಗುವುದನ್ನು ನೋಡಲು ಜೇನುಕಲ್ಲುಗುಡ್ಡವಿದೆ. ಹೆಸರಿಲ್ಲದ ಸಣ್ಣ ಸುಖಗಳೂ ಇವೆ: ಮಳೆ ನಿಂತ ಮೇಲೂ ಅಡಿಕೆ ಸೋಗೆಯಿಂದ ತೊಟ್ಟಿಕ್ಕುವ ಹನಿ, ಗದ್ದೆ ಹಾಳಿಯ ಮೇಲೆ ಅಡ್ಡಡ್ಡ ಓಡುವ ಏಡಿ, ಗೂಡಂಗಡಿಯ ಬಿಸಿ ಚಾ.

ನಮ್ಮ ಕೇರಿಯ ಹಿರಿಯರಿಗೆ ಇದು ತಮಾಷೆ. "ನೀರು ಬೀಳೂದ್ ನೋಡೂಕೆ ಅಲ್ಲೀವರೆಗೆ ಹೋಗ್ಬೇಕಾ?" ಅಂತ ನಗುತ್ತಾರೆ. ಆ ನಗೆಯೊಳಗೆ ಲೆಕ್ಕವಿದೆ. ಒಂದು ದಿನ ತಿರುಗಿದರೆ ಒಂದು ದಿನದ ಕೂಲಿ ಹೋಯಿತು. ಅವರು ಕಾಡಿಗೆ ಹೋದದ್ದು ಸೌದೆಗೆ, ಸೊಪ್ಪಿಗೆ, ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕಲಿಕ್ಕೆ. ಬರಿಗೈಲಿ ಒಂದು ಗಳಿಗೆ ನಿಂತರೆ "ಇಲ್ಲೇನು ಕೆಲಸ ನಿಂಗೆ?" ಎಂಬ ಪ್ರಶ್ನೆ. ಅದೇ ರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿದವರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ?

ಹಾಗಾದರೆ ಸುಮ್ಮನೆ ನಿಲ್ಲುವುದು, ಸುಮ್ಮನೆ ನೋಡುವುದು ಸಣ್ಣ ಸಂಗತಿಯಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಬಾಯಾರಿಕೆ ಒಂದಕ್ಕೇ ಅಲ್ಲ, ಎಲ್ಲರ ಜಾಗ ಎಲ್ಲರದೂ ಆಗಲಿ ಎಂದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೇ ಜನ ಬಂದು ಸೇರುವ ಸಾರ್ವಜನಿಕ ಸ್ಥಳಗಳನ್ನೂ ಹೆಸರಿಸಿತು. ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ. ಕೆರೆ ದಂಡೆಯಲ್ಲಿ ಕೆಲಸವಿಲ್ಲದೆ ಕೂರುವ ಹಕ್ಕೂ ಅದರೊಳಗೇ ಇದೆ ಎಂದು ನಾವು ಓದಿಕೊಳ್ಳುತ್ತೇವೆ.

ಆದರೆ ಜಾಗ ಸಿಕ್ಕಿದರೆ ಸಾಲದು, ಹೊತ್ತೂ ಸಿಗಬೇಕು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. 1946ರ ತಿದ್ದುಪಡಿಯಿಂದ ಕಾರ್ಖಾನೆಯ ದುಡಿಮೆ ವಾರಕ್ಕೆ 48 ಗಂಟೆಗೆ ಇಳಿಯಿತು. ತೋಟದ ಕೂಲಿಗೆ, ಗದ್ದೆಯ ಕೂಲಿಗೆ ಆ ಕಾಯ್ದೆ ಅನ್ವಯವಾಗಲಿಲ್ಲ. ಇವತ್ತಿಗೂ ದಿನಗೂಲಿಯವರ ಭಾನುವಾರ ಸಂಬಳವಿಲ್ಲದ ಭಾನುವಾರ. ಮಾಗೋಡಿನ ನೀರು ನೋಡಲು ಅವರಿಗೆ ಮನಸ್ಸಿಲ್ಲವೆಂದಲ್ಲ, ದಿನವಿಲ್ಲ.

ದುಡಿಯುವವರಿಗೆ ಸೌಂದರ್ಯಪ್ರಜ್ಞೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಪ್ಪಾಗೆ ಹೆಕ್ಕುವ ಅವ್ವಂದಿರ ಜೊತೆ ಅರ್ಧ ದಿನ ನಡೆದು ನೋಡಿ. ಯಾವ ಮರ ಈ ಸಲ ಹೂ ಬಿಟ್ಟಿಲ್ಲ, ಯಾವ ಹಕ್ಕಿ ಕೂಗಿದರೆ ಮಳೆ, ಎಲ್ಲ ಬಲ್ಲರು. ಹೊರೆ ಇಳಿಸಿ ಸೊಂಟಕ್ಕೆ ಕೈಯಿಟ್ಟು "ಎಷ್ಟ್ ಚಂದ ಅದೆ ನೋಡು" ಅನ್ನುತ್ತಾರೆ. ಮತ್ತೆ ಹೊರೆ ಎತ್ತುತ್ತಾರೆ.

ಇನ್ನೊಂದು ಅಪಾಯ ಓದು ಕಲಿತ ನಮ್ಮಂಥವರದು. ಕಣ್ಣು ಬೇಗ ಪ್ರವಾಸಿಯ ಕಣ್ಣಾಗುತ್ತದೆ. ಬೆಟ್ಟದಲ್ಲಿ ಕೊಂಬೆ ಕಡಿಸಿಕೊಂಡು ನಿಂತ ಮರಗಳನ್ನು 'ವಿಚಿತ್ರ ಚೆಲುವು' ಎಂದುಬಿಡುವುದು ಸುಲಭ. ಅದು ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಸಿಕ್ಕಿತು. ತೋಟವೇ ಇಲ್ಲದವರಿಗೆ? ಆ ಲೆಕ್ಕದಲ್ಲಿ ಅವರಿಗೆ ಸಿಕ್ಕಿದ್ದು ಮರ ಹತ್ತಿ ಸೊಪ್ಪು ಕಡಿಯುವ ಕೂಲಿ.

ಸಿದ್ದಿ ಬಂಧುಗಳನ್ನು ನೋಡುವ ಬಗೆಯೂ ಹಾಗೇ. ಅವರ ಡಮಾಮಿ ಕುಣಿತಕ್ಕೆ ಚಪ್ಪಾಳೆ ತಟ್ಟಿ ಫೋಟೋ ತೆಗೆದುಕೊಂಡು ಹೋಗುವವರು ಬಹಳ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003ರವರೆಗೆ ಕಾಯಬೇಕಾಯಿತು ಎಂಬುದು ಫೋಟೋದಲ್ಲಿ ಬರುವುದಿಲ್ಲ. ಮನುಷ್ಯರನ್ನು ಜಲಪಾತದ ಪಕ್ಕದ ಇನ್ನೊಂದು ನೋಟವಾಗಿಸುವುದು ಸಣ್ಣ ಅನ್ಯಾಯವಲ್ಲ.

ಆದ್ದರಿಂದ ಗೆಳೆಯರೇ, ತಾವರೆಯ ಬಗ್ಗೆ ಬರೆಯುವುದು ದ್ರೋಹವಲ್ಲ. ಗದ್ದೆಯ ಹಸಿರು ಬರೆದು, ನಾಟಿಗೆ ಬಗ್ಗಿದ ಬೆನ್ನು ಬಿಟ್ಟರೆ ಅದು ದ್ರೋಹ. ಚೆಲುವನ್ನು ಉಳ್ಳವರಿಗೆ ಬಿಟ್ಟುಕೊಟ್ಟು ಬರೀ ಸಿಟ್ಟನ್ನು ನಮ್ಮ ಪಾಲಿಗೆ ಇಟ್ಟುಕೊಳ್ಳಲು ನಾವು ತಯಾರಿಲ್ಲ. ಎರಡೂ ನಮಗೆ ಬೇಕು. ಕೂಲಿ ಹೆಚ್ಚಲಿ ಎಂದು ಕೇಳುವಾಗ ಕೂಲಿ ಕಡಿಯದ ಒಂದು ರಜೆಯನ್ನೂ ಕೇಳೋಣ. ಶಾಲೆಯ ಮಾಸ್ತರರು ಮಕ್ಕಳನ್ನು ಕವಡಿಕೆರೆಗೆ ಕರೆದೊಯ್ಯುವಾಗ ಅವರ ಅವ್ವಂದಿರನ್ನೂ ಕರೆಯಲಿ. ಕತ್ತಿ, ಬುಟ್ಟಿ ಮನೆಯಲ್ಲೇ ಇರಲಿ. ದಂಡೆಯ ಮೇಲೆ ಕೂತು ಅವರು ಏನು ನೋಡಿದರು ಎಂದು ಕೇಳಿ ಬರೆದುಕೊಳ್ಳುವ ಕೆಲಸ ನಮ್ಮದು.